ಆಟದ ಪೀರಿಯಡ್ ಕಿತ್ತುಕೊಂಡರೆ ಮಾರ್ಕ್ಸ್ ಹೆಚ್ಚುತ್ತದೆಯೇ? ದೈಹಿಕ ಶಿಕ್ಷಣದ ಬಗ್ಗೆ ಐದು ತಪ್ಪು ನಂಬಿಕೆಗಳು

"ಗಣಿತದ ಪೋರ್ಷನ್ ಮುಗಿದಿಲ್ಲ, ಇವತ್ತು ಆಟದ ಪೀರಿಯಡ್ ನನಗೆ ಬಿಟ್ಟುಕೊಡಿ." ಶಾಲೆಗೆ ಹೋದ ಯಾರಿಗೂ ಈ ಮಾತು ಹೊಸದಲ್ಲ. ಪರೀಕ್ಷೆ ಹತ್ತಿರ ಬಂದಂತೆ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದೇ ದೈಹಿಕ ಶಿಕ್ಷಣ. ಪೀರಿಯಡ್ ಉಳಿದ ಕಡೆಯೂ ಅನೇಕ ಸಲ ನಾಲ್ಕೈದು ಹುಡುಗರು ಆಡುತ್ತಾರೆ, ಮಿಕ್ಕವರು ಮರದ ನೆರಳಲ್ಲಿ ಕೂತಿರುತ್ತಾರೆ. ಇದು ಹೀಗೇ ಇರಬೇಕೇ? ಈ ವಿಷಯದ ಸುತ್ತ ಹಬ್ಬಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ಮಕ್ಕಳಿಗೆ ಎಷ್ಟು ಚಟುವಟಿಕೆ ಬೇಕು?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೂಳೆ, ಸ್ನಾಯು ಗಟ್ಟಿಯಾಗುವ ಚಟುವಟಿಕೆ ವಾರಕ್ಕೆ 3 ದಿನವಾದರೂ ಇರಬೇಕು. ಆದರೆ 2016ರ ಅಂಕಿ ಅಂಶಗಳ ಪ್ರಕಾರ, ಜಗತ್ತಿನ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿರಲಿಲ್ಲ. ಹುಡುಗಿಯರಲ್ಲಿ ಇದು ಶೇ. 85, ಹುಡುಗರಲ್ಲಿ ಶೇ. 78.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಇದ್ದರೆ ಒಟ್ಟು 80 ನಿಮಿಷ. ಬೇಕಿರುವುದು 420 ನಿಮಿಷ. ಅಂದರೆ ಪೀರಿಯಡ್ ಒಂದರಿಂದಲೇ ಲೆಕ್ಕ ತುಂಬುವುದಿಲ್ಲ. ಶಾಲೆ ಬಿಟ್ಟ ಮೇಲೂ, ದೊಡ್ಡವರಾದ ಮೇಲೂ ಮೈ ಬಗ್ಗಿಸಿ ಆಡುವ ಆಸೆ, ಕೌಶಲ, ಧೈರ್ಯ ಹುಟ್ಟಿಸುವುದೇ ಆ 80 ನಿಮಿಷದ ಮುಖ್ಯ ಕೆಲಸ. ಆಟವೆಂದರೆ ಅವಮಾನ ಎಂದು ಕಲಿತ ಮಗು ಉಳಿದ 340 ನಿಮಿಷಕ್ಕೆ ಹೊರಗೆ ಬರುವುದೇ ಇಲ್ಲ.

ನಂಬಿಕೆ 1: ಆಟ ಹೆಚ್ಚಾದರೆ ಮಾರ್ಕ್ಸ್ ಕಡಿಮೆಯಾಗುತ್ತದೆ

ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ (ಸಿಡಿಸಿ) 2010ರಲ್ಲಿ ಇಂಥ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಸಿಕ್ಕ ಫಲಿತಾಂಶಗಳ ಪೈಕಿ ಅರ್ಧದಷ್ಟರಲ್ಲಿ ದೈಹಿಕ ಚಟುವಟಿಕೆಯ ಜೊತೆ ಕಲಿಕೆಯೂ ಉತ್ತಮವಾಗಿತ್ತು. ಉಳಿದವುಗಳಲ್ಲಿ ಬಹುತೇಕ ಕಡೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೆಟ್ಟ ಪರಿಣಾಮ ಕಂಡದ್ದು ಶೇ. 2ಕ್ಕಿಂತ ಕಡಿಮೆ. ಆಡಿದವರೆಲ್ಲ ರ‍್ಯಾಂಕ್ ಬರುತ್ತಾರೆ ಎಂದು ಇದರ ಅರ್ಥವಲ್ಲ. ಆದರೆ ಆಟಕ್ಕೆ ಸಮಯ ಕೊಟ್ಟರೆ ಓದು ಹಾಳಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ನಂಬಿಕೆ 2: ಚೆನ್ನಾಗಿ ಆಡುವವರು ಆಡಲಿ, ಉಳಿದವರು ನೋಡಲಿ

ಕ್ರಿಕೆಟ್ಟನ್ನೇ ತೆಗೆದುಕೊಳ್ಳಿ. ತರಗತಿಯಲ್ಲಿ 40 ಮಕ್ಕಳು, ಒಂದೇ ಬ್ಯಾಟು, ಒಂದೇ ಬಾಲು. ಒಂದು ಹೊತ್ತಿಗೆ ನಿಜವಾಗಿ ಆಡುತ್ತಿರುವವರು ಬ್ಯಾಟು ಹಿಡಿದ ಒಬ್ಬರು, ಬಾಲು ಹಾಕುವ ಒಬ್ಬರು. ಔಟಾದವರು ಹೊರಗೆ ಕೂರುವ ಆಟಗಳದ್ದೂ ಇದೇ ಕಥೆ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಗೆ ಹೋಗುತ್ತಾರೆ.

ಇದಕ್ಕೆ ಪರಿಹಾರ ಸುಲಭ. ಐದಾರು ಮಕ್ಕಳ ಸಣ್ಣ ಗುಂಪು ಮಾಡುವುದು. ಔಟಾದವರು ಹತ್ತು ಸಲ ಹಗ್ಗದಾಟ ಆಡಿ ಮತ್ತೆ ಒಳಗೆ ಬರುವಂತೆ ನಿಯಮ ಬದಲಿಸುವುದು. ನಾಯಕರು ಒಬ್ಬೊಬ್ಬರನ್ನೇ ಆರಿಸುವ ಬದಲು ಮೇಷ್ಟ್ರೇ ತಂಡ ಮಾಡಿಕೊಡುವುದು. ಎಲ್ಲರ ಎದುರು "ಇವನು ಬೇಡ" ಅನ್ನಿಸಿಕೊಂಡ ಮಗು ಆ ಮಾತನ್ನು ಬೇಗ ಮರೆಯುವುದಿಲ್ಲ.

ಅಂಗವೈಕಲ್ಯ ಇರುವ ಮಕ್ಕಳಿಗೂ ಆಟದಲ್ಲಿ ಸಮಾನ ಅವಕಾಶ ಕೊಡಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆ ಮಗುವಿಗೆ ಸ್ಕೋರ್ ಬರೆಯಲು ಪುಸ್ತಕ ಕೊಟ್ಟು ಕೂರಿಸಿದರೆ ಅದು ಅವಕಾಶ ಆಗುವುದಿಲ್ಲ.

ನಂಬಿಕೆ 3: ಬಸ್ಕಿ ಹೊಡೆಸಿದರೆ, ಮೈದಾನ ಸುತ್ತಿಸಿದರೆ ಶಿಸ್ತೂ ಬರುತ್ತದೆ, ಮೈಯೂ ಗಟ್ಟಿಯಾಗುತ್ತದೆ

ಓಟವನ್ನು ಶಿಕ್ಷೆ ಮಾಡಿದರೆ ಮಕ್ಕಳು ಕಲಿಯುವುದು ಒಂದೇ ಪಾಠ: ಓಡುವುದು ತಪ್ಪು ಮಾಡಿದವರ ಕೆಲಸ. ಅದೂ ಅಲ್ಲದೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ.

ನಂಬಿಕೆ 4: ಮುಟ್ಟಿನ ದಿನಗಳಲ್ಲಿ ಹುಡುಗಿಯರು ಆಡಬಾರದು

ಆರೋಗ್ಯವಂತ ಹುಡುಗಿ ಮುಟ್ಟಿನ ಸಮಯದಲ್ಲಿ ಆಟ ನಿಲ್ಲಿಸಬೇಕು ಎನ್ನಲು ವೈದ್ಯಕೀಯ ಕಾರಣವಿಲ್ಲ. ಲಘು ವ್ಯಾಯಾಮದಿಂದ ಕೆಲವರಿಗೆ ಹೊಟ್ಟೆನೋವು ಕಡಿಮೆಯಾಗಲೂಬಹುದು. ನೋವು, ಸುಸ್ತು ಹೆಚ್ಚಿದ್ದರೆ ವಿಶ್ರಾಂತಿ ಪಡೆಯಲಿ, ಆ ತೀರ್ಮಾನ ಅವಳದ್ದೇ ಆಗಿರಲಿ. ಎಷ್ಟೋ ಹುಡುಗಿಯರನ್ನು ಮೈದಾನದಿಂದ ದೂರ ಇಡುವುದು ನೀರಿಲ್ಲದ ಶೌಚಾಲಯ, ಓಡಲು ಆಗದ ಉಡುಪು, ಪಕ್ಕದಲ್ಲಿ ನಿಂತು ನಗುವವರು. ಶಾಲೆ ಮೊದಲು ಸರಿಪಡಿಸಬೇಕಾದದ್ದು ಇವನ್ನು.

ನಂಬಿಕೆ 5: ದೊಡ್ಡ ಮೈದಾನ, ದುಬಾರಿ ಸಾಮಾನು ಇದ್ದರೆ ಮಾತ್ರ ಸಾಧ್ಯ

ಕುಂಟೆಬಿಲ್ಲೆಗೆ ಬೇಕಿರುವುದು ಒಂದು ಸೀಮೆಸುಣ್ಣ, ಒಂದು ಬಿಲ್ಲೆ. ಅದರಲ್ಲಿ ಸಮತೋಲನ, ಕಾಲಿನ ಬಲ ಎರಡೂ ಇವೆ. ಲಗೋರಿಯಲ್ಲಿ ಗುರಿ ಇದೆ, ಓಟ ಇದೆ, ಒಟ್ಟಾಗಿ ಕೆಲಸ ಮಾಡುವುದಿದೆ. ಕಬಡ್ಡಿಗೆ ಗೆರೆ ಎಳೆದರೆ ಸಾಕು. ಹಾಗೆಂದು ಶಾಲೆಯ ಹೊಣೆ ತಪ್ಪುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನವೂ ಆಟದ ಸಾಮಗ್ರಿಯೂ ಇರಬೇಕು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಕ್ರೀಡಾ ಸಾಮಗ್ರಿಗೆ ವರ್ಷಕ್ಕೆ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅನುದಾನವಿದೆ. ಅದು ಎಲ್ಲಿ ಖರ್ಚಾಯಿತು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳುವುದು ಪೋಷಕರ ಹಕ್ಕು.

ಹಾಗಾದರೆ ಒಳ್ಳೆಯ ಆಟದ ಪೀರಿಯಡ್ ಹೇಗಿರುತ್ತದೆ?

ಮಕ್ಕಳಿಗೆ ದೈಹಿಕ ಶಿಕ್ಷಣ ಯಾವಾಗ ಅರ್ಥಪೂರ್ಣ ಅನ್ನಿಸುತ್ತದೆ ಎಂಬ ಬಗ್ಗೆ ನಡೆದ ಅಧ್ಯಯನಗಳನ್ನು 2017ರಲ್ಲಿ ಸಂಶೋಧಕರು ಪರಿಶೀಲಿಸಿದಾಗ ಐದು ಅಂಶಗಳು ಎದ್ದು ಕಂಡವು:

• ಜೊತೆಗಾರರೊಡನೆ ಬೆರೆಯುವುದು
• ಖುಷಿ
• ತೀರಾ ಸುಲಭವೂ ಅಲ್ಲದ, ತೀರಾ ಕಷ್ಟವೂ ಅಲ್ಲದ ಸವಾಲು
• ನನಗೂ ಬರುತ್ತದೆ ಎನ್ನುವಷ್ಟು ಕೌಶಲ
• ಕಲಿತದ್ದು ತನ್ನ ಬದುಕಿಗೆ ಬೇಕಾದದ್ದು ಎಂಬ ಭಾವನೆ

ಈ ಪಟ್ಟಿಯಲ್ಲಿ ಕಪ್ಪು, ಪದಕ ಇಲ್ಲ ಎಂಬುದನ್ನು ಗಮನಿಸಿ. ಮಗುವನ್ನು ಪಕ್ಕದವರ ಜೊತೆ ಹೋಲಿಸುವ ಬದಲು ಅದರದ್ದೇ ಹಳೆಯ ಮಟ್ಟದ ಜೊತೆ ಹೋಲಿಸಿದರೆ ಇವುಗಳಲ್ಲಿ ಅರ್ಧ ಕೆಲಸ ಮುಗಿದಂತೆ. ಜೂನ್‌ನಲ್ಲಿ ಹತ್ತು ಸಲ ಹಗ್ಗ ಹಾರುತ್ತಿದ್ದವಳು ಆಗಸ್ಟ್‌ನಲ್ಲಿ ಇಪ್ಪತ್ತೈದು ಸಲ ಹಾರಿದರೆ ಅದೂ ಗೆಲುವೇ.

ಒಂದು ಎಚ್ಚರಿಕೆ: ಆಸ್ತಮಾ, ಹೃದಯದ ತೊಂದರೆ ಇರುವ ಮಕ್ಕಳ ಬಗ್ಗೆ ವೈದ್ಯರ ಸಲಹೆ ಪಡೆದು ಮೇಷ್ಟ್ರಿಗೆ ಮೊದಲೇ ತಿಳಿಸಿ. ಬಿಸಿಲಲ್ಲಿ ಆಡುವಾಗ ನಡುನಡುವೆ ನೀರು ಕುಡಿಯಲು ಬಿಡಬೇಕು.

ಇವತ್ತು ಸಂಜೆ ಮಗು ಮನೆಗೆ ಬಂದಾಗ "ಯಾರು ಗೆದ್ದರು?" ಎಂದು ಕೇಳಬೇಡಿ. "ನಿನ್ನ ಕೈಗೆ ಚೆಂಡು ಎಷ್ಟು ಸಲ ಬಂತು?" ಎಂದು ಕೇಳಿ. ಉತ್ತರ "ಒಂದು ಸಲವೂ ಇಲ್ಲ" ಎಂದಾದರೆ, ಈ ಬರಹವನ್ನು ಪೋಷಕರ ಗ್ರೂಪಿಗೆ ಕಳಿಸಿ, ಮುಂದಿನ ಸಭೆಯಲ್ಲಿ ಮಾತು ಶುರುಮಾಡಿ.