ಆಟಗಾರ ಯಾವ ಊರಿನವನು?

ಯಲವಿಗಿಯ ಸುತ್ತಿನ ಜಾತ್ರೆಗಳಲ್ಲಿ ಪೈಲ್ವಾನನ ಹೆಸರಿಗೆ ಮೊದಲು ಊರ ಹೆಸರನ್ನು ಕೂಗುವುದನ್ನು ನೀವು ಕೇಳಿರಬಹುದು. ಹುಟ್ಟಿದ್ದು ಒಂದೂರು, ಗರಡಿ ಇನ್ನೊಂದೂರು ಆದರೆ ಯಾವುದನ್ನು ಕೂಗಬೇಕು?

ದೇಶಗಳಿಗೂ ಇದೇ ತೊಡಕು. ಕಲಕತ್ತೆಯಲ್ಲಿ ಹುಟ್ಟಿದ ಆಂಗ್ಲ ಮನೆತನದ ನಾರ್ಮನ್ ಪ್ರಿಚರ್ಡ್ 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಬೆಳ್ಳಿಯ ಪದಕ ಗೆದ್ದರು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವನ್ನು ಭಾರತದ ಲೆಕ್ಕಕ್ಕೆ ಬರೆದಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಬ್ರಿಟನ್ನಿನ ಲೆಕ್ಕಕ್ಕೆ. ಭಾರತದ ಒಲಿಂಪಿಕ್ ಸಂಘ ಹುಟ್ಟಿದ್ದೇ 1927ರಲ್ಲಿ. ಅಂದು ‘ಇವನು ನಮ್ಮವನು’ ಎನ್ನಲು ಇಲ್ಲಿ ಮನೆಯ ಯಜಮಾನನೇ ಇರಲಿಲ್ಲ!

ರಚಿನ್ ರವೀಂದ್ರರ ಮಾತು ಬೇರೆ. ತಂದೆತಾಯಿ ಬೆಂಗಳೂರಿನವರು, ಹುಟ್ಟಿದ್ದು 1999ರಲ್ಲಿ, ವೆಲಿಂಗ್ಟನ್ನಿನಲ್ಲಿ. ಗರಡಿಯೂ ಪೂರ್ತಿ ಆ ಕಡೆಯದಲ್ಲ. ಅನಂತಪುರಕ್ಕೆ ಬಂದು ಅಭ್ಯಾಸ ಮಾಡಿದವರು. ಆದರೆ 2016ರಲ್ಲಿ ಕಿರಿಯರ ವಿಶ್ವಕಪ್ಪಿಗೆ ಕರೆದು ಟೋಪಿ ತೊಡಿಸಿದ್ದು ನ್ಯೂಜಿಲೆಂಡ್. ಕರೆದ ಮನೆಯೇ ಆಟಗಾರನ ಮನೆ ಎಂದು ನನ್ನ ಎಣಿಕೆ.

2023ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರು ಪಾಕಿಸ್ತಾನದೆದುರು 108 ರನ್ ಹೊಡೆದಾಗ ಜನ ಹೆಸರು ಹಿಡಿದು ಕೂಗಿದರು. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆದರು. ಮರುವರ್ಷ ಅದೇ ಅಂಗಳದಲ್ಲಿ 134 ರನ್ ಹೊಡೆದರು, ಈ ಸಲ ಭಾರತದೆದುರು. ಭಾರತದ ನೆಲದಲ್ಲಿ 1988ರ ತರುವಾಯ ನ್ಯೂಜಿಲೆಂಡ್ ಗೆದ್ದ ಮೊದಲ ಟೆಸ್ಟ್ ಅದು.