ಬೇಟೆಗಾರನ ಬೆನ್ನುಹೊರೆ

ಬೇಟೆಯ ಪ್ರಸಂಗವು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯ ವರ್ಣನೆಯುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಸ್ಥಾನವೇ ಇದೆ. ಬಲೆ, ಬಿಲ್ಲು, ನಾಯಿ, ಕಾಡನ್ನು ಸೋಹುವ ಜನ, ಮೃಗಗಳ ಸ್ವಭಾವ, ಇವೆಲ್ಲ ಇಂತಹ ವರ್ಣನೆಗಳ ಸಾಮಗ್ರಿ. ಆದರೆ ಮೃಗವು ಬಿದ್ದ ಬಳಿಕ ಅದನ್ನು ಬೀಡಿಗೆ ತಂದವರಾರು, ಹೇಗೆ ತಂದರು ಎಂಬ ಪ್ರಶ್ನೆಯಲ್ಲಿ ಕವಿಗಾಗಲಿ ಶಾಸ್ತ್ರಕಾರನಿಗಾಗಲಿ ಆಸಕ್ತಿಯಿದ್ದಂತೆ ತೋರುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. 949-50ರ ಶಾಸನವನ್ನು ವಾಚಕರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ನಾಯಿಗೆ ದೊರೆತ ಈ ಗೌರವವನ್ನು ನಾವು ಸಂತೋಷದಿಂದಲೇ ಓದುತ್ತೇವೆ. ಆದರೆ ಬೇಟೆಯ ಹೊರೆಯನ್ನು ಹೊತ್ತ ಆಳಿಗಾಗಿ ನಿಲ್ಲಿಸಿದ ಕಲ್ಲನ್ನು ನಾವು ಕಂಡಿಲ್ಲ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹೊರುವವನು ಬೇರೆ, ಹೊಡೆಯುವವನು ಬೇರೆ ಆಗಿರುವಷ್ಟು ಕಾಲ ಹೊರೆಯ ವಿಚಾರವು ಬೇಟೆಗಾರನ ಮನಸ್ಸಿಗೆ ಬರುವುದೇ ಇಲ್ಲ. ಹೊಡೆದವನೇ ಹೊರಬೇಕಾಗಿ ಬಂದಾಗ ಮಾತ್ರ ‘ಎಂತಹ ಚೀಲವನ್ನು ಆರಿಸಬೇಕು?’ ಎಂಬ ಪ್ರಶ್ನೆ ಹುಟ್ಟುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಅಧ್ಯಾಯವು ಬಹುಮಟ್ಟಿಗೆ ಮುಗಿದಿರುವುದರಿಂದ ಈ ಪ್ರಶ್ನೆಯು ನಮ್ಮಲ್ಲಿ ಬೆಳೆಯಲು ಅವಕಾಶವಾಗಲಿಲ್ಲ. ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿಯೂ ಅಲಾಸ್ಕಾದಲ್ಲಿಯೂ ಅದು ಇಂದಿಗೂ ಜೀವಂತವಾಗಿದೆ. ಅಲ್ಲಿ ಅನುಮತಿ ಪಡೆದು, ದಾರಿ ತೋರುವ ಆಳಾಗಲಿ ಹೇರುಗುದುರೆಯಾಗಲಿ ಇಲ್ಲದೆ, ರಸ್ತೆಯಿಂದ ಬಹುದೂರದ ಕಾಡಿಗೆ ಒಬ್ಬಿಬ್ಬರೇ ನಡೆದು ಹೋಗಿ ಬೇಟೆಯಾಡುವ ಸಂಪ್ರದಾಯವಿದೆ. ಇಂತಹ ಬೇಟೆಗಾರನ ಬೆನ್ನುಚೀಲವು ಹೇಗೆ ರೂಪುಗೊಂಡಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೊರೆಯ ಪ್ರಮಾಣವನ್ನು ತಿಳಿಯಬೇಕು. ಎಲ್ಕ್ ಎಂಬ ಹಿರಿಯ ಜಿಂಕೆಯ ಗಂಡು ಸುಮಾರು 700 ಪೌಂಡು ತೂಗುತ್ತದೆ. ಅಲಾಸ್ಕಾದ ಮೂಸ್ ಇನ್ನೂ ದೊಡ್ಡದು. 1600 ಪೌಂಡಿನ ಒಂದು ಗಂಡು ಮೂಸಿನಿಂದ ತಿನ್ನಲು ಯೋಗ್ಯವಾದ ಮಾಂಸವೇ 500 ಪೌಂಡಿನಷ್ಟು ದೊರೆಯುತ್ತದೆ. ಅದನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲಾಸ್ಕಾದ ಕಾಯಿದೆಯಂತೆ ಅಪರಾಧ. ಒಬ್ಬನು ಒಂದು ಸಲಕ್ಕೆ 80 ಪೌಂಡು ಹೊರುವನೆಂದಿಟ್ಟುಕೊಂಡರೆ ಏಳು ಸರದಿ ನಡೆಯಬೇಕು. ಬೀಡು ಎರಡೇ ಮೈಲಿ ದೂರವಿದ್ದರೂ ಹೊರೆಯೊಡನೆ 14 ಮೈಲಿ, ಬರಿಬೆನ್ನಿನಲ್ಲಿ ಹಿಂದಿರುಗಿ 12 ಮೈಲಿ, ಒಟ್ಟು 26 ಮೈಲಿಯ ನಡಿಗೆಯಾಗುತ್ತದೆ. ಅದೂ ಜೌಗಿನಲ್ಲಿ, ಪೊದೆಗಳಲ್ಲಿ. ಹೋಗುವಾಗ ಹೊತ್ತ ಗುಡಾರ, ಹೊದಿಕೆ, ಬುತ್ತಿಗಳ ಭಾರವು ಇದರ ಮುಂದೆ ಲೆಕ್ಕಕ್ಕೆ ಬಾರದು. ಆದಕಾರಣ ಬೇಟೆಗಾರನ ಚೀಲವನ್ನು ನಿರ್ಣಯಿಸತಕ್ಕದ್ದು ಹೋಗುವ ದಾರಿಯಲ್ಲ, ಬರುವ ದಾರಿ. ಯಾತ್ರಿಕನ ಚೀಲಕ್ಕೂ ಸಿಪಾಯಿಯ ಚೀಲಕ್ಕೂ ಇದಕ್ಕೂ ಇರುವ ಭೇದವೆಲ್ಲ ಇದರಲ್ಲಿಯೇ ಅಡಗಿದೆ: ಯಾತ್ರಿಕನ ಹೊರೆ ದಿನದಿನಕ್ಕೆ ಕರಗುತ್ತದೆ, ಬೇಟೆಗಾರನದು, ಅವನ ಭಾಗ್ಯವಿದ್ದರೆ, ಒಂದೇ ಗಳಿಗೆಯಲ್ಲಿ ಹತ್ತು ಮಡಿಯಾಗುತ್ತದೆ.

1909ನೆಯ ಇಸವಿಯಲ್ಲಿ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಚರಿತ್ರೆಯ ತಿರುವು ತಿಳಿಯುತ್ತದೆ. ಆ ವರ್ಷ ಅಮೆರಿಕದ ಅಧ್ಯಕ್ಷಪದವಿಯಿಂದ ಆಗತಾನೆ ಇಳಿದಿದ್ದ ಥಿಯೊಡೋರ್ ರೂಸ್‌ವೆಲ್ಟನು ಪೂರ್ವ ಆಫ್ರಿಕಕ್ಕೆ ಬೇಟೆಗಾಗಿ ಹೋದನು. ಅವನೊಡನೆ ಸುಮಾರು 250 ಮಂದಿ ಹೊರೆಯಾಳುಗಳಿದ್ದರು. ಸಾಹಿತ್ಯದ ಉಪಾಧ್ಯಾಯರಿಗೆ ರುಚಿಸಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಹೋಮರ್, ಷೇಕ್ಸ್‌ಪಿಯರ್ ಮೊದಲಾದವರ ಕೃತಿಗಳನ್ನು ಹಂದಿಯ ಚರ್ಮದಲ್ಲಿ ರಟ್ಟು ಕಟ್ಟಿಸಿ, ಒಂದು ಪೆಟ್ಟಿಗೆಯಲ್ಲಿಟ್ಟು, ಅವನು ಕಾಡಿಗೂ ಒಯ್ದನು. ಆ ಗ್ರಂಥಭಂಡಾರದ ತೂಕ ಸುಮಾರು 60 ಪೌಂಡು, ಎಂದರೆ ಸರಿಯಾಗಿ ಒಬ್ಬ ಆಳಿನ ಹೊರೆ. ರೂಸ್‌ವೆಲ್ಟನ ವಿದ್ಯಾಭಿಮಾನವನ್ನು ಯಾರೂ ಅಲ್ಲಗಳೆಯಲಾರರು. ಆ ಮಹಾಕಾವ್ಯಗಳನ್ನು ದಿನವೂ ಹೊತ್ತು ನಡೆದವನು ಅವುಗಳಲ್ಲಿ ಒಂದಕ್ಷರವನ್ನೂ ಓದಿರಲಾರನೆಂಬುದನ್ನೂ ಮರೆಯಲಾಗದು.

ಅದೇ 1909ರಲ್ಲಿ ನಾರ್ವೆಯ ಓಲೆ ಬೆರ್ಗನ್ ಎಂಬವನು ಚೌಕಟ್ಟುಳ್ಳ ಬೆನ್ನುಚೀಲಕ್ಕೆ ಪೇಟೆಂಟು ಪಡೆದನು. ಅವನಿಗೆ ಆಳುಗಳಿರಲಿಲ್ಲ. ಹಿಂದಿನ ವರ್ಷ ಬೇಟೆಗೆ ಹೋಗಿದ್ದಾಗ ಚೀಲವು ಹೆಗಲನ್ನು ಹಿಂದಕ್ಕೆ ಎಳೆದು, ಬೆನ್ನಿಗೆ ಒತ್ತಿ ನೋಯಿಸಿತು. ಜೂನಿಪರ್ ಗಿಡದ ಕೊಂಬೆಯೊಂದನ್ನು ತನ್ನ ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲದ ಹಿಂದೆ ಸೇರಿಸಿದನು ಎಂದು ಅವನ ಹೆಸರಿನ ಸಂಸ್ಥೆಯಲ್ಲಿ ಹೇಳಿಕೊಂಡು ಬಂದಿರುವ ಐತಿಹ್ಯ. ಕೊಂಬೆಯ ಸ್ಥಾನಕ್ಕೆ ಬಳಿಕ ಲೋಹದ ಕೊಳವೆ ಬಂದಿತು. ಬೆನ್ನಿಗೆ ತಗಲತಕ್ಕದ್ದು ಸರಕಲ್ಲ, ಚೌಕಟ್ಟು. ಆ ಚೌಕಟ್ಟು ಬೆನ್ನಿನ ಬಾಗನ್ನು ಅನುಸರಿಸಬೇಕು. ಇದು ಬೆರ್ಗನನು ಕಂಡ ತತ್ತ್ವ.

ಆದರೆ ಈ ತತ್ತ್ವವನ್ನು ಮೊದಲು ಕಂಡವನು ಬೆರ್ಗನನೇ ಎನ್ನುವಂತಿಲ್ಲ. 1991ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದ ಓಟ್ಸ್ ಕಣಿವೆಯ ಮೇಲ್ಭಾಗದಲ್ಲಿ, 3200 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಹಿಮದಲ್ಲಿ ಹುದುಗಿದ್ದ ಮನುಷ್ಯನ ಶವವೊಂದು ಸಿಕ್ಕಿತು. ಅವನು ಬದುಕಿದ್ದುದು ಇಂದಿಗೆ 5000 ವರ್ಷಗಳಿಗಿಂತ ಹಿಂದೆ. ಅವನ ಬಳಿ ಇನ್ನೂ ಕೆತ್ತಿ ಮುಗಿಯದ ಬಿಲ್ಲೊಂದು, 14 ಬಾಣಗಳ ಬತ್ತಳಿಕೆಯೊಂದು ಇದ್ದುವು. ಆ ಬಾಣಗಳಲ್ಲಿ ಸಿದ್ಧವಾಗಿದ್ದುವು ಎರಡೇ. ಹೊಟ್ಟೆಯಲ್ಲಿ ಕಾಡುಮೇಕೆಯ ಮತ್ತು ಕೆಂಜಿಂಕೆಯ ಮಾಂಸದ ಅವಶೇಷಗಳಿದ್ದುವು. ಇವುಗಳ ಜತೆಗೆ ಲಾಳದ ಆಕಾರಕ್ಕೆ ಬಗ್ಗಿಸಿದ, ಸುಮಾರು ಎರಡು ಮೀಟರ್ ಉದ್ದದ ಹೇಝಲ್ ಮರದ ಕೋಲೊಂದೂ ಲಾರ್ಚ್ ಮರದ ಎರಡು ಅಡ್ಡಹಲಗೆಗಳೂ ದೊರೆತುವು. ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಬೆನ್ನುಹೊರೆಯ ಚೌಕಟ್ಟೆಂದು ನಿರ್ಣಯಿಸಿದ್ದಾರೆ. ಹಿಮದಲ್ಲಿ ನಡೆಯುವ ಪಾದರಕ್ಷೆಯ ಭಾಗವೆಂಬ ಪಕ್ಷವೂ ಉಂಟು. ಮೊದಲನೆಯ ಪಕ್ಷವೇ ನಮಗೆ ಯುಕ್ತವಾಗಿ ಕಾಣುತ್ತದೆ. ಏಕೆಂದರೆ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಪ್ರಸಿದ್ಧವಾದ ಚೌಕಟ್ಟಿಗೂ ಇದಕ್ಕೂ ಸಾದೃಶ್ಯವು ತೀರ ನಿಕಟವಾಗಿದೆ. ಕೊಡುಕೊಳ್ಳುವಿಕೆಯ ಸಂಬಂಧವಿಲ್ಲದೆ, ಒಂದೇ ಕಷ್ಟವು ದೂರದೂರದ ಎರಡು ಜನಾಂಗಗಳಿಗೆ ಒಂದೇ ಉಪಾಯವನ್ನು ಕಲಿಸಿತೆಂದು ಊಹಿಸಬಹುದು.

ಅಮೆರಿಕದಲ್ಲಿ ಇದಕ್ಕೂ ಹಿಂದೆ ಪ್ರಚಾರದಲ್ಲಿದ್ದುದು ಹಣೆಪಟ್ಟಿ. ತುಪ್ಪಳದ ವ್ಯಾಪಾರದ ಕಾಲದಲ್ಲಿ ದೋಣಿಗಳ ಆಳುಗಳು ಒಂದು ನೀರಿನಿಂದ ಮತ್ತೊಂದು ನೀರಿಗೆ ನೆಲದ ಮೇಲೆ ಸರಕು ಸಾಗಿಸುವಾಗ, 90 ಪೌಂಡಿನ ಎರಡೆರಡು ಮೂಟೆಗಳನ್ನು ಹಣೆಗೆ ಕಟ್ಟಿದ ಪಟ್ಟಿಯಿಂದ ತೂಗಹಾಕಿ ನಡೆಯುತ್ತಿದ್ದರು. ಮೂಲನಿವಾಸಿಗಳಿಂದ ಕಲಿತ ಉಪಾಯವಿದು. ಹಿಮಾಲಯದ ಹೊರೆಯಾಳುಗಳಲ್ಲಿಯೂ ಇದೇ ಪದ್ಧತಿಯನ್ನು ಕಾಣುತ್ತೇವೆ. 1882ರಲ್ಲಿ ಡುಲೂತ್ ನಗರದ ಕಮೀಲ್ ಪೊಯರಿಯೆ ಎಂಬವನು ಪೇಟೆಂಟು ಪಡೆದ ಕ್ಯಾನ್ವಾಸು ಚೀಲದಲ್ಲಿ ಹಣೆಪಟ್ಟಿ, ಹೆಗಲಪಟ್ಟಿ ಎರಡೂ ಇದ್ದುವು. ದೋಣಿಗೆ ಅದು ಒಳ್ಳೆಯ ಚೀಲ. ಹಣೆಪಟ್ಟಿಯವನು ತಲೆಯನ್ನು ತಿರುಗಿಸಲಾರನು. ತಲೆ ತಿರುಗಿಸಲಾರದವನು ಬೇಟೆಯಾಡಲಾರನು.

ಈ ಚರಿತ್ರೆಯ ಮುಖ್ಯಪುರುಷನು ವಾಷಿಂಗ್ಟನ್ ಸಂಸ್ಥಾನದ ಲಾಯ್ಡ್ ನೆಲ್ಸನ್. 1920ರ ಸುಮಾರಿನಲ್ಲಿ ಅಲಾಸ್ಕಾಕ್ಕೆ ಹೋಗಿದ್ದಾಗ ಅವನು ಅಲ್ಲಿಯ ಮೂಲನಿವಾಸಿಯೊಬ್ಬನಿಂದ ಕೋಲುಗಳ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಮಾಡಿದ ಹೊರೆಹಲಗೆಯೊಂದನ್ನು ಎರವಲು ಪಡೆದನು. ಹಿಂದಿರುಗಿ ಬಂದು, ಚರ್ಮದ ಬದಲು ಕ್ಯಾನ್ವಾಸನ್ನು ಉಪಯೋಗಿಸಿ, ಎರಡು ನಿಲುವು ಪಟ್ಟಿಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿದ ಚೌಕಟ್ಟೊಂದನ್ನು ಮಾಡಿ, 1924ರಲ್ಲಿ ಪೇಟೆಂಟು ಪಡೆದನು. ‘ಟ್ರ್ಯಾಪರ್ ನೆಲ್ಸನ್’ ಎಂಬ ಹೆಸರಿನಿಂದ ಅದು ಬೇಟೆಗಾರರಲ್ಲಿಯೂ ಅರಣ್ಯ ಇಲಾಖೆಯ ಕೆಲಸಗಾರರಲ್ಲಿಯೂ ಮನೆಮಾತಾಯಿತು. ಇದರ ಗುಣಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ದಾರದಿಂದ ಬಿಗಿದ ಕ್ಯಾನ್ವಾಸು ಮಾತ್ರ ಬೆನ್ನಿಗೆ ತಗಲುತ್ತಿದ್ದಿತು. ಮರವಾಗಲಿ ಸರಕಾಗಲಿ ತಗಲುತ್ತಿರಲಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ: ಚೀಲವನ್ನು ಚೌಕಟ್ಟಿಗೆ ಹೊಲಿದಿರಲಿಲ್ಲ; ಉದ್ದನೆಯ ತಂತಿಗಳನ್ನು ಬಳೆಗಳಲ್ಲಿ ತೂರಿಸಿ ಸೇರಿಸಲಾಗುತ್ತಿದ್ದಿತು. ತಂತಿಯನ್ನು ಎಳೆದರೆ ಚೀಲ ಕಳಚಿ ಬರುತ್ತಿತ್ತು, ಉಳಿದ ಚೌಕಟ್ಟಿಗೆ ಜಿಂಕೆಯ ತೊಡೆಯನ್ನು ಹಗ್ಗದಿಂದ ಕಟ್ಟಬಹುದಾಗಿತ್ತು. ಹೋಗುವಾಗ ಚೀಲ, ಬರುವಾಗ ಹಲಗೆ. ಬರುವ ದಾರಿಯನ್ನು ಮೊದಲೇ ಯೋಚಿಸಿದವನ ರಚನೆ ಇದು.

ನೆಲ್ಸನನು ತನ್ನ ಸರಕನ್ನು ‘ಇಂಡಿಯನ್ ಹೊರೆಹಲಗೆ’ ಎಂದು ಕರೆದು ಮಾರಿದನು. ತನ್ನ ಋಣವನ್ನು ಅವನು ಬಚ್ಚಿಡಲಿಲ್ಲವೆಂಬುದು ಅವನಿಗೆ ಭೂಷಣ. ಆದರೆ ಪೇಟೆಂಟು ನೆಲ್ಸನನ ಹೆಸರಿನಲ್ಲಿಯೂ ಋಣವು ಒಂದು ಜನಾಂಗದ ಹೆಸರಿನಲ್ಲಿಯೂ ದಾಖಲಾಯಿತು. ಸೀಲ್ ಚರ್ಮದ ಹಲಗೆಯನ್ನು ಎರವಲು ಕೊಟ್ಟವನ ಹೆಸರು ಸರಕಿನ ಮೇಲೆ ಬರಲಿಲ್ಲ. ಆತಕೂರಿನ ಕಾಳಿಯ ಭಾಗ್ಯವೂ ಅವನಿಗಿಲ್ಲವಾಯಿತು.

ಇಲ್ಲಿಯವರೆಗೆ ಭಾರವೆಲ್ಲ ಹೆಗಲಿನದೇ. ಅದನ್ನು ಸೊಂಟಕ್ಕೆ ಇಳಿಸಿದ ಕೀರ್ತಿಯು ಬಹುಮಟ್ಟಿಗೆ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿಗೆ ಸಲ್ಲುತ್ತದೆ. ಸಿಯೆರ್ರಾ ಪರ್ವತದಲ್ಲಿ ನಡೆಯುತ್ತಿದ್ದಾಗ ಅವನ ಗೆಳೆಯನೊಬ್ಬನು ಮರದ ಚೌಕಟ್ಟಿನ ಕೆಳತುದಿಗಳನ್ನು ಷರಾಯಿಯ ಹಿಂದಿನ ಜೇಬುಗಳಲ್ಲಿ ಸಿಕ್ಕಿಸಿಕೊಂಡನಂತೆ. ತಟ್ಟನೆ ಹೆಗಲು ಹಗುರವಾಯಿತಂತೆ. ಕೆಲ್ಟಿಯು ಅಲ್ಯೂಮಿನಿಯಂ ಕೊಳವೆಗಳನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿ, ಕೆಳಗೆ ಸೊಂಟಪಟ್ಟಿಯನ್ನು ಜೋಡಿಸಿದನು. ಅವನ ಹೆಂಡತಿ ನೀನಾ ಮನೆಯಲ್ಲಿಯೇ ಚೀಲಗಳನ್ನು ಹೊಲಿದಳು. 1952ರಲ್ಲಿ, ಮೊದಲ ವರ್ಷ, 24 ಡಾಲರಿನಂತೆ 29 ಚೀಲಗಳು ಮಾರಾಟವಾದುವು. ಮನುಷ್ಯನ ಶರೀರದಲ್ಲಿ ಭಾರ ಹೊರಲು ತಕ್ಕ ಎಲುಬು ಭುಜದ್ದಲ್ಲ, ಸೊಂಟದ್ದು. ನಮ್ಮ ಹಳ್ಳಿಯ ಹೆಂಗಸರು ಕೊಡವನ್ನು ಸೊಂಟದ ಮೇಲಿಟ್ಟು ತರುವುದರಲ್ಲಿ ಈ ತತ್ತ್ವ ಎಂದಿನಿಂದಲೋ ಇದೆ.

1967ರಲ್ಲಿ ಗ್ರೆಗ್ ಲೋ ಎಂಬ ಪರ್ವತಾರೋಹಿಯು ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದನು. ಚೀಲವು ಬೆನ್ನಿಗೆ ಅಂಟಿಕೊಂಡಂತಾಗಿ ಬಂಡೆ ಏರುವವನ ತೂಕ ತಪ್ಪುವುದು ಕಡಿಮೆಯಾಯಿತು. ಮುಂದಿನ ದಶಕಗಳಲ್ಲಿ ಯಾತ್ರಿಕರೂ ಇದನ್ನೇ ಹಿಡಿದರು. ಬೇಟೆಗಾರರಿಗೆ ಇದು ಅರೆಲಾಭ. ಹೊರಚೌಕಟ್ಟು ಕೊಂಬೆಗೆ ಸಿಕ್ಕುತ್ತದೆ, ಕಿರುಗುಟ್ಟುತ್ತದೆ. ಆ ಸದ್ದಿಗೆ ಮೃಗ ಓಡುತ್ತದೆ. ಒಳಚೌಕಟ್ಟು ಸದ್ದಿಲ್ಲದ್ದು; ಆದರೆ ಚೀಲ ಕಳಚಿ ಬಾರದುದರಿಂದ ರಕ್ತ ಸುರಿಯುವ ಮಾಂಸವನ್ನು ಹೊದಿಕೆ ಬಟ್ಟೆಗಳ ನಡುವೆಯೇ ತುರುಕಬೇಕು. ಈಚಿನ ಬೇಟೆಚೀಲಗಳಲ್ಲಿ ಈ ತೊಡಕಿಗೆ ಪರಿಹಾರ ದೊರೆತಿದೆ. ಚೀಲದ ಬಿಗಿಗಳನ್ನು ಸಡಿಲಿಸಿದರೆ ಅದು ಚೌಕಟ್ಟಿನಿಂದ ದೂರ ಸರಿಯುತ್ತದೆ. ನಡುವಿನ ಎಡೆಯಲ್ಲಿ, ಕೆಳಗಿನ ತಟ್ಟಿನ ಮೇಲೆ, ಮಾಂಸದ ಮೂಟೆಯನ್ನಿಟ್ಟು ಮತ್ತೆ ಬಿಗಿಯಬಹುದು. ಭಾರವು ಬೆನ್ನೆಲುಬಿಗೆ ಹತ್ತಿರ, ಸಾಮಾನುಗಳು ಹೊರಗೆ. ಕಾರ್ಬನ್ ನಾರು, ನೈಲಾನು ಎಂದು ಪದಾರ್ಥಗಳು ಬದಲಾಗಿದ್ದರೂ ಇದು ನೆಲ್ಸನನ ತಂತಿಯ ವಂಶದ್ದೇ ಎಂದು ನಮ್ಮ ಅಭಿಪ್ರಾಯ.

ಹೀಗಿರಲು, ಆರಿಸುವವನು ಮೊದಲು ನೋಡತಕ್ಕದ್ದು ಚೀಲದ ಗಾತ್ರವನ್ನಲ್ಲ. ವಾರದ ಬೀಡಿಗೆ 80ರಿಂದ 100 ಲೀಟರು ಸಾಕಾಗುವುದು. ಅದನ್ನು ಯಾವ ಅಂಗಡಿಯವನೂ ಹೇಳಬಲ್ಲನು. ನೋಡತಕ್ಕದ್ದು ಚೌಕಟ್ಟಿನ ಉದ್ದವನ್ನು. ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಎಲುಬಿನಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಅಳೆದ ಅಳತೆಯೇ ಇಲ್ಲಿ ಪ್ರಮಾಣ. ಆಳಿನ ಎತ್ತರವು ಪ್ರಮಾಣವಲ್ಲ, ಏಕೆಂದರೆ ಎತ್ತರದವನಿಗೆ ಕಾಲುಗಳೇ ಉದ್ದವಿದ್ದು ಬೆನ್ನು ಗಿಡ್ಡವಾಗಿರಬಹುದು. ಸೊಂಟಪಟ್ಟಿಯು ಭಾರದಡಿಯಲ್ಲಿ ಜಾರಬಾರದು, ಚೌಕಟ್ಟು ಕುಸಿಯಬಾರದು. ಬರಿಯ ಚೀಲವನ್ನು ತೊಟ್ಟು ನೋಡಿದರೆ ಇದಾವುದೂ ತಿಳಿಯದು. ಮರಳಿನ ಮೂಟೆಯನ್ನಿಟ್ಟು, ಮೆಟ್ಟಿಲು ಹತ್ತಿ ಇಳಿದು ನೋಡಬೇಕು. ಒಂದೆರಡು ಪೌಂಡು ಹಗುರವೆಂಬ ಆಸೆಯಿಂದ ದುರ್ಬಲವಾದ ಚೌಕಟ್ಟನ್ನು ಕೊಳ್ಳುವುದು, ಹೋಗುವ ದಾರಿಯ ಸುಖಕ್ಕಾಗಿ ಬರುವ ದಾರಿಯನ್ನು ಮಾರಿದಂತೆ.

ಕಾಡಿನಲ್ಲಿ ಮಾಂಸವನ್ನು ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ಕಟ್ಟಿ, ನೆರಳಿನಲ್ಲಿ ತೂಗಹಾಕಿ, ಸರದಿಯಂತೆ ಒಯ್ಯುತ್ತಾರೆ. ಅಲಾಸ್ಕಾದಲ್ಲಿ ಆ ಸರದಿಯ ಕ್ರಮವನ್ನೂ ಕಾಯಿದೆಯೇ ಗೊತ್ತುಮಾಡಿದೆ: ಮಾಂಸವೆಲ್ಲ ಹೊರಬೀಳುವ ತನಕ ಕೊಂಬುಗಳನ್ನು ಬೇಟೆಯ ಸ್ಥಳದಿಂದ ಕದಲಿಸಕೂಡದು; ಅವನ್ನು ಕಟ್ಟಕಡೆಯ ಹೊರೆಯೊಡನೆ, ಚೌಕಟ್ಟಿನ ಹೊರಮೈಗೆ ಕಟ್ಟಿ ತರುತ್ತಾರೆ.