ಷರಾ ಬರೆದ ಪುಟ

ಚಾಲನಾ ಪರವಾನಗಿಯ ಚರಿತ್ರೆ ಎಂದರೆ ನಮಗೆ ಸಿಗುವುದು ಅದನ್ನು ಕೊಟ್ಟವರ ಕಥೆ. 1888ರಲ್ಲಿ ಕಾರ್ಲ್ ಬೆಂಜ್ ತನ್ನ ಗಾಡಿ ಓಡಿಸಲು ಬಾಡೆನ್ ಸಂಸ್ಥಾನದಿಂದ ಪಡೆದ ಅನುಮತಿ ಪತ್ರದಿಂದ ಆ ಕಥೆ ಶುರುವಾಗುತ್ತದೆ. ವಾಪಸು ಪಡೆದ ಕಥೆಯನ್ನು ಅಷ್ಟಾಗಿ ಯಾರೂ ಹೇಳಿಲ್ಲ. ನನ್ನ ಕುತೂಹಲ ಅದಕ್ಕಿಂತಲೂ ಚಿಕ್ಕ ಪ್ರಶ್ನೆಯೊಂದರ ಮೇಲಿದೆ: ತನ್ನ ಲೈಸೆನ್ಸ್ ಅಮಾನತಾಗಿದೆ ಎಂಬ ಸಂಗತಿ ಅದನ್ನು ಇಟ್ಟುಕೊಂಡವನಿಗೆ ಯಾವ ಕಾಲದಲ್ಲಿ ಹೇಗೆ ತಿಳಿಯುತ್ತಿತ್ತು?

ಆರಂಭದ ಕಾನೂನುಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಫ್ರಾನ್ಸಿನ 1899ರ ಮಾರ್ಚ್ ತಿಂಗಳ ಆದೇಶದ ಪ್ರಕಾರ, ಒಂದೇ ವರ್ಷದಲ್ಲಿ ಎರಡು ತಪ್ಪು ಮಾಡಿದ ಚಾಲಕನ ಸಾಮರ್ಥ್ಯ ಪತ್ರವನ್ನು ಜಿಲ್ಲಾಧಿಕಾರಿ ಹಿಂದಕ್ಕೆ ಪಡೆಯಬಹುದಿತ್ತು, ಆದರೆ ಮೊದಲು ಆತನ ಮಾತು ಕೇಳಬೇಕಿತ್ತು. ಎದುರಿಗೆ ನಿಂತು ಮಾತಾಡಿ ಬಂದವನಿಗೆ ‘ನನ್ನ ಪತ್ರ ಊರ್ಜಿತವಾಗಿದೆಯೇ’ ಎಂಬ ಅನುಮಾನ ಬರುವುದು ಕಷ್ಟ. ಬ್ರಿಟನ್ನಿನ 1903ರ ಮೋಟಾರ್ ಕಾರ್ ಕಾಯ್ದೆ ಈ ಕೆಲಸವನ್ನು ನ್ಯಾಯಾಲಯಕ್ಕೆ ವಹಿಸಿತು. ಆಗ ಐದು ಶಿಲ್ಲಿಂಗ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು, ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ (ಅಲ್ಲಿ ಪರೀಕ್ಷೆ ಕಡ್ಡಾಯವಾಗಿದ್ದು 1935ರಲ್ಲಿ). ಕೊಡುವಾಗ ಇಷ್ಟು ಸಡಿಲವಾಗಿದ್ದ ಕಾನೂನು ಕಿತ್ತುಕೊಳ್ಳುವಾಗ ಮಾತ್ರ ಬಹಳ ಶಿಸ್ತಿನದು. ಶಿಕ್ಷೆಯಾದರೆ ಅದರ ವಿವರವನ್ನು ಲೈಸೆನ್ಸಿನ ಮೇಲೆಯೇ ಬರೆಯಬೇಕು. ಆ ಬರಹವನ್ನು ಮುಚ್ಚಿಟ್ಟು ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದರೆ ಅದು ಇನ್ನೊಂದು ಅಪರಾಧ.

ಭಾರತದಲ್ಲಿ 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು, 1939ರಲ್ಲಿ ಅದರ ಜಾಗಕ್ಕೆ ಇನ್ನೊಂದು ದೊಡ್ಡ ಕಾಯ್ದೆ ಬಂತು. ಅನರ್ಹಗೊಳಿಸುವ ಆದೇಶದ ವಿವರವನ್ನು ಲೈಸೆನ್ಸಿನಲ್ಲೇ ನಮೂದಿಸಬೇಕು ಎಂಬ ಬ್ರಿಟಿಷ್ ಕ್ರಮವೂ ಅದರೊಂದಿಗೆ ಬಂತು. ನಮ್ಮ ಕಚೇರಿಗಳಲ್ಲಿ ಅಂಥ ಬರಹಕ್ಕೆ ‘ಷರಾ’ ಎನ್ನುತ್ತಾರೆ. ಲೈಸೆನ್ಸ್ ಪುಸ್ತಕದ ರೂಪದಲ್ಲಿದ್ದ ಕಾಲದಲ್ಲಿ ಷರಾ ಬರೆಯಲೆಂದೇ ಪುಟಗಳಿರುತ್ತಿದ್ದವು. ಪುಸ್ತಕ ಬಿಚ್ಚಿದರೆ ಪೊಲೀಸನಿಗೂ ಗೊತ್ತಾಗುತ್ತಿತ್ತು, ಕೆಲಸ ಕೊಡುವ ಲಾರಿ ಮಾಲೀಕನಿಗೂ ಗೊತ್ತಾಗುತ್ತಿತ್ತು. ಚಾಲಕನಿಗಂತೂ ಎಲ್ಲರಿಗಿಂತ ಮೊದಲು. ಅವಮಾನದ ಮಾತು ಬೇರೆ, ಮಾಹಿತಿಯ ದೃಷ್ಟಿಯಿಂದ ನೋಡಿದರೆ ಇದು ಪ್ರಾಮಾಣಿಕ ವ್ಯವಸ್ಥೆ. ಅಪರಾಧವೂ ಅಪರಾಧಿಯೂ ಒಂದೇ ಜೇಬಿನಲ್ಲಿ ಓಡಾಡುತ್ತಿದ್ದರು.

‘ಅಮಾನತು’ ಎಂಬ ಪದವೂ ಈ ಜಗತ್ತಿಗೆ ಸೇರಿದ್ದೇ. ಅರಬ್ಬಿ ಮೂಲದ ‘ಅಮಾನತ್’ಗೆ ನಂಬಿ ಇಟ್ಟ ಒತ್ತೆ, ಠೇವಣಿ ಎಂಬರ್ಥ. ಹಿಂದಿ ಉರ್ದುಗಳಲ್ಲಿ ಇಂದಿಗೂ ಅದೇ ಅರ್ಥವಿದೆ. ಕನ್ನಡದ ಕಚೇರಿ ಭಾಷೆಯಲ್ಲಿ ಮಾತ್ರ ಅದು ನೌಕರನನ್ನೋ ಪರವಾನಗಿಯನ್ನೋ ತಾತ್ಕಾಲಿಕವಾಗಿ ತಡೆಹಿಡಿಯುವುದಕ್ಕೆ ನಿಂತಿತು. ಲೈಸೆನ್ಸ್ ವಿಷಯದಲ್ಲಿ ಹಳೆಯ ಅರ್ಥವೂ ಒಪ್ಪುತ್ತದೆ. ಇಂದಿಗೂ ಕಾನೂನು ಹೇಳುವುದು ಅನರ್ಹಗೊಂಡವನು ತನ್ನ ಲೈಸೆನ್ಸನ್ನು ಕೂಡಲೇ ಒಪ್ಪಿಸಬೇಕು ಎಂದು. ಜೇಬಿನಲ್ಲಿ ಪುಸ್ತಕ ಇಲ್ಲವೆಂದರೆ ಅದು ಅಮಾನತಿನಲ್ಲಿದೆ ಎಂದೇ ತಾನೆ?

1988ರ ಕಾಯ್ದೆ, ಅದರ ಬೆನ್ನಿಗೆ ಬಂದ 1989ರ ಕೇಂದ್ರ ನಿಯಮಗಳು ಈ ಲೆಕ್ಕಾಚಾರವನ್ನು ನಿಧಾನವಾಗಿ ಬದಲಿಸಿದವು. ನಿಯಮಗಳು ಪುಸ್ತಕದ ನಮೂನೆಯ ಜೊತೆಗೆ ಕಾರ್ಡಿನ ನಮೂನೆಗೂ ಅವಕಾಶ ಕೊಟ್ಟವು. ಕಾರ್ಡಿನಲ್ಲಿ ಷರಾ ಬರೆಯಲು ಪುಟವೆಲ್ಲಿದೆ? ಕಾಯ್ದೆಯಲ್ಲಿ ಷರಾದ ಕಲಮು (24ನೆಯದು) ಹಾಗೇ ಉಳಿಯಿತು. ಮೂರು ವರ್ಷ ಹೊಸ ಷರಾ ಬೀಳದಿದ್ದರೆ ಷರಾರಹಿತ ಲೈಸೆನ್ಸ್ ಕೇಳಿ ಪಡೆಯಬಹುದು ಎಂಬ ಮುಂದಿನ ಕಲಮೂ ಉಳಿಯಿತು. ಆದರೆ ಬರಹ ಮಾತ್ರ ಕಾರ್ಡಿನಿಂದ ಕಚೇರಿಯ ವಹಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಯಿತು. 23ನೆಯ ಕಲಮಿನ ಪ್ರಕಾರ ಅನರ್ಹತೆಯ ಆದೇಶವಾದ ಮೇಲೆ, ಆದೇಶದಲ್ಲಿ ಹೇಳಿದ ಅವಧಿಯವರೆಗೆ ಲೈಸೆನ್ಸ್ ಊರ್ಜಿತವಲ್ಲ. ಹೊಳೆಯುವ ಕಾರ್ಡು ಪರ್ಸಿನಲ್ಲಿದ್ದರೂ ಅದು ಬರೀ ಪ್ಲಾಸ್ಟಿಕ್ಕು.

ಹಾಗಾದರೆ ತಿಳಿಯುವ ಬಗೆ? ನೋಟಿಸು. ಆದೇಶ ಮಾಡುವ ಮೊದಲು ಆತನ ಮಾತು ಕೇಳಬೇಕು, ಆದೇಶ ತಲುಪಿದ ದಿನದಿಂದ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಎರಡೂ ನಿಂತಿರುವುದು ಅಂಚೆಯವನ ಮೇಲೆ. ಇಲ್ಲಿ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೆಯ ಕಲಮನ್ನು ನೆನೆಯಬೇಕು. ಕಾನೂನು ಅಂಚೆಯ ಮೂಲಕ ಜಾರಿಗೆ ಅವಕಾಶ ಕೊಟ್ಟಿರುವಲ್ಲಿ, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರೆ ಅದು ತಲುಪಿದಂತೆಯೇ, ತಲುಪಿಲ್ಲವೆಂದು ಸಾಬೀತಾಗುವವರೆಗೆ. ರಾಯಚೂರಿನ ವಿಳಾಸದಲ್ಲಿ ಲೈಸೆನ್ಸ್ ಮಾಡಿಸಿ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ, ಎರಡು ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವ ಒಬ್ಬನನ್ನು ಊಹಿಸಿಕೊಳ್ಳಿ. ಅವನ ‘ಸರಿಯಾದ ವಿಳಾಸ’ ಯಾವುದು?

ಈ ಕಗ್ಗಂಟು ನಮ್ಮದಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ, ಅಮಾನತಾಗಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸುವುದು ಅಪರಾಧ. ಆದರೆ ಇಲಾಖೆ ನೋಟಿಸನ್ನು ಅಂಚೆಗೆ ಹಾಕಿದ್ದರೆ ಆತನಿಗೆ ಗೊತ್ತಿತ್ತು ಎಂದೇ ಸಂಹಿತೆ ಭಾವಿಸುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1971ರ ಬೆಲ್ ವರ್ಸಸ್ ಬರ್ಸನ್ ಪ್ರಕರಣದಲ್ಲಿ ಲೈಸೆನ್ಸ್ ಬರಿಯ ಸವಲತ್ತಲ್ಲ, ಜೀವನೋಪಾಯಕ್ಕೆ ಬೇಕಾದದ್ದು, ಸರಿಯಾದ ವಿಚಾರಣೆಯಿಲ್ಲದೆ ಅದನ್ನು ಅಮಾನತು ಮಾಡುವಂತಿಲ್ಲ ಎಂದಿತು. ಅರ್ಜಿದಾರ ಜಾರ್ಜಿಯಾದ ಹಳ್ಳಿಗಳಲ್ಲಿ ಕಾರಿನಲ್ಲಿ ಓಡಾಡಿ ಸೇವೆ ಮಾಡುತ್ತಿದ್ದ ಪಾದ್ರಿ. ಸೈಕಲ್ಲಿನಲ್ಲಿ ಬಂದ ಮಗುವೊಂದು ಅವರ ಕಾರಿನ ಪಕ್ಕಕ್ಕೆ ಗುದ್ದಿಕೊಂಡಿತ್ತು.

ನಮ್ಮಲ್ಲಿ ಅಮಾನತು ಬಹಳ ಕಾಲ ಪುಸ್ತಕದಲ್ಲಿದ್ದ, ಅಪರೂಪಕ್ಕೆ ಬಳಸುವ ಅಸ್ತ್ರವಾಗಿತ್ತೆಂದು ನನ್ನ ಅನಿಸಿಕೆ. 1989ರ 21ನೆಯ ನಿಯಮದ ಪಟ್ಟಿ ಓದಲು ಸ್ವಾರಸ್ಯವಾಗಿದೆ. ಪ್ರಯಾಣಿಕರ ವಾಹನ ಓಡಿಸುತ್ತ ಬೀಡಿ ಸಿಗರೇಟು ಸೇದುವುದು, ಬೇರೆ ಗಾಡಿ ಹತ್ತಲು ಹೊರಟವರನ್ನು ಅಡ್ಡಗಟ್ಟುವುದು ಕೂಡ ಲೈಸೆನ್ಸಿಗೆ ಕುತ್ತು ತರಬಹುದು. ನಮ್ಮ ಖಾಸಗಿ ಬಸ್‌ಸ್ಟ್ಯಾಂಡುಗಳನ್ನು ಬಲ್ಲವರಿಗೆ ಇದರ ಮೇಲೆ ಟಿಪ್ಪಣಿ ಬೇಡ. ಗಾಳಿ ಬದಲಾದದ್ದು 2015ರಲ್ಲಿ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ, ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು ಅತಿವೇಗ, ಕೆಂಪು ದೀಪ ದಾಟುವುದು, ಅತಿಭಾರ, ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು, ಕುಡಿದು ಓಡಿಸುವುದು, ಓಡಿಸುತ್ತ ಮೊಬೈಲಿನಲ್ಲಿ ಮಾತಾಡುವುದು ಇಷ್ಟಕ್ಕೂ ಕನಿಷ್ಠ ಮೂರು ತಿಂಗಳ ಅಮಾನತು ಆಗಲಿ ಎಂದು ರಾಜ್ಯಗಳಿಗೆ ಸೂಚಿಸಿತು. 2019ರ ತಿದ್ದುಪಡಿ, ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ನೇರ ಪರವಾನಗಿ ಪ್ರಾಧಿಕಾರಕ್ಕೆ ಕಳಿಸುವ ದಾರಿ ಮಾಡಿತು. ಅನರ್ಹನಾಗಿಯೂ ಓಡಿಸಿದರೆ ಇದ್ದ ಐನೂರು ರೂಪಾಯಿ ದಂಡ ಹತ್ತು ಸಾವಿರಕ್ಕೆ ಏರಿತು, ಮೂರು ತಿಂಗಳವರೆಗಿನ ಜೈಲು ಹಾಗೇ ಉಳಿಯಿತು. ಅವಧಿ ಮುಗಿದರೂ ಮರುತರಬೇತಿ ಮುಗಿಸದೆ ಹಾಗೆ ಒಪ್ಪಿಸಿದ ಲೈಸೆನ್ಸ್ ವಾಪಸಿಲ್ಲ.

ಇದರ ನಡುವೆ 2018ರಲ್ಲಿ ಡಿಜಿಲಾಕರ್ ಮತ್ತು ಎಂಪರಿವಾಹನ್‌ನಲ್ಲಿರುವ ಲೈಸೆನ್ಸನ್ನೂ ಮೂಲ ಪ್ರತಿಯಂತೆಯೇ ಒಪ್ಪಬೇಕೆಂದಾಯಿತು. 2020ರ ಅಕ್ಟೋಬರ್ 1ರಿಂದ, ಅನರ್ಹಗೊಂಡ ಅಥವಾ ರದ್ದಾದ ಲೈಸೆನ್ಸುಗಳ ವಿವರವನ್ನು ಕಾಲಾನುಕ್ರಮದಲ್ಲಿ ಪೋರ್ಟಲ್ಲಿನಲ್ಲಿ ದಾಖಲಿಸಬೇಕೆಂಬ ನಿಯಮ ಬಂತು. ಹಳೆಯ ಷರಾ ಪುಟವೇ ಇದು, ಜೇಬಿನಿಂದ ಸರ್ವರಿಗೆ ಹೋಗಿದೆ. ಬ್ರಿಟನ್ ಕೂಡ 2015ರ ಜೂನ್ 8ರಂದು ಕಾರ್ಡಿನ ಜೊತೆಗಿದ್ದ ಕಾಗದದ ಪ್ರತಿಯನ್ನು ರದ್ದುಗೊಳಿಸಿ, ದಂಡದ ವಿವರಗಳನ್ನು ಆನ್‌ಲೈನಿನಲ್ಲಷ್ಟೇ ಉಳಿಸಿಕೊಂಡಿತು. ಎರಡೂ ಕಡೆ ಒಂದು ಹೊಸ ಕೆಲಸ ಹುಟ್ಟಿತು: ಲೈಸೆನ್ಸುದಾರ ತಾನಾಗಿ ಹೋಗಿ ತನ್ನ ಬಗ್ಗೆ ವಿಚಾರಿಸಬೇಕು. ನಮ್ಮಲ್ಲಾದರೆ ಪರಿವಾಹನ್‌ನ ಸಾರಥಿ ತಾಣದಲ್ಲಿ ಲೈಸೆನ್ಸ್ ಸಂಖ್ಯೆ, ಹುಟ್ಟಿದ ದಿನಾಂಕ ಕೊಟ್ಟರೆ ಅದರ ಸ್ಥಿತಿ ಏನೆಂದು ತೋರುತ್ತದೆ. ಅನುಮಾನ ಉಳಿದರೆ ಲೈಸೆನ್ಸ್ ಕೊಟ್ಟ ಆರ್‌ಟಿಒ ಕಚೇರಿಗೆ ಹೋಗಿ ಕೇಳುವುದು. ವಿಳಾಸ ಬದಲಾದಾಗ ದಾಖಲೆಯಲ್ಲೂ ಬದಲಿಸುವುದು ಇದಕ್ಕಿಂತ ಮೊದಲಿನ ಕೆಲಸ.

ಇದು ಚಾಲಕನೊಬ್ಬನ ತಲೆಬಿಸಿ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅನರ್ಹತೆಯ ಅವಧಿಯಲ್ಲಿ ಓಡಿಸಿದ ಗಾಡಿ ಯಾರಿಗಾದರೂ ಗುದ್ದಿದರೆ, ಕಾಯ್ದೆಯ ಪ್ರಕಾರ ವಿಮಾ ಕಂಪನಿಗೆ ಅದು ಹೊಣೆ ಜಾರಿಸಿಕೊಳ್ಳುವ ವಾದಕ್ಕೆ ದಾರಿ. ಸುಪ್ರೀಂ ಕೋರ್ಟು 2004ರ ಸ್ವರ್ಣ್ ಸಿಂಗ್ ಪ್ರಕರಣದಲ್ಲಿ ಅದನ್ನು ಬಿಗಿಗೊಳಿಸಿತು: ಲೈಸೆನ್ಸ್ ಇಲ್ಲವೆಂದಷ್ಟೇ ಹೇಳಿದರೆ ಸಾಲದು, ಮಾಲೀಕನ ನಿರ್ಲಕ್ಷ್ಯವನ್ನೂ ಕಂಪನಿ ಸಾಬೀತು ಮಾಡಬೇಕು. ಅದಕ್ಕೂ ಒಂದು ವರ್ಷ ಮೊದಲು, ಲೇಹ್ರು ಪ್ರಕರಣದಲ್ಲಿ, ನಕಲಿ ಲೈಸೆನ್ಸಿನ ವಿಷಯ ಬಂದಾಗ ಕೋರ್ಟು ಮಾಲೀಕನ ಪರ ನಿಂತಿತ್ತು. ಚಾಲಕ ತೋರಿಸಿದ ಲೈಸೆನ್ಸ್ ಮೇಲ್ನೋಟಕ್ಕೆ ಅಸಲಿಯಂತಿದ್ದು ಅವನಿಗೆ ಗಾಡಿ ಓಡಿಸಲು ಬಂದರೆ ಸಾಕು, ದೇಶದ ಆರ್‌ಟಿಒಗಳಿಗೆಲ್ಲ ಹೋಗಿ ವಿಚಾರಿಸಿ ಬಾ ಎಂದು ಮಾಲೀಕನಿಗೆ ಹೇಳುವುದು ವಿಚಿತ್ರ ಎಂಬುದು ಆ ತೀರ್ಪಿನ ಧಾಟಿ. 2003ರಲ್ಲಿ ಆ ಮಾತಿಗೆ ತೂಕವಿತ್ತು. ಈಗ ಅದೇ ವಿಚಾರಣೆ ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಆದ್ದರಿಂದ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ವಿಮಾ ವಕೀಲರು ಮುಂದೆ ಕೇಳುವ ಪ್ರಶ್ನೆ ಕಾರ್ಡು ನೋಡಿದಿರಾ ಎಂಬುದಾಗಿರದೆ, ಕೆಲಸಕ್ಕೆ ಸೇರಿಸಿಕೊಂಡ ದಿನ ಪೋರ್ಟಲ್ ನೋಡಿದಿರಾ, ಆಮೇಲೆ ಮತ್ತೆ ಯಾವಾಗ ನೋಡಿದಿರಿ ಎಂಬುದಾದರೆ, ಒಂದೇ ಒಂದು ಗೂಡ್ಸ್ ಆಟೊ ಇಟ್ಟುಕೊಂಡ ಮಾಲೀಕ ಉತ್ತರ ಕೊಡಬೇಕಾಗುತ್ತದೆ.